ಬಚ್ಚಲ ನೀರು, ಬಟ್ಟೆ ಒಗೆದ ನೀರನ್ನು ಗಿಡಕ್ಕೆ ಬಿಡಬಹುದಾ? ಫಿಲ್ಟರ್ ಹಾಕಿಸಲೇಬೇಕಾ?

ಬೆಂಗಳೂರಿನಲ್ಲಿ 30x40 ಸೈಟಿನ ಮನೆ, ಬೇಸಿಗೆ ಬಂದರೆ ಟ್ಯಾಂಕರ್, ಹಿಂದೆ ಸ್ವಲ್ಪ ಜಾಗದಲ್ಲಿ ಗಿಡಗಳು. ಸ್ನಾನದ ನೀರು ಮತ್ತು ವಾಷಿಂಗ್ ಮೆಷಿನ್ ನೀರು ಬಿಡೋಣ ಅಂದರೆ ಪಕ್ಕದ ಮನೆಯವರು "ಸೋಪಿಗೆ ಗಿಡ ಸತ್ತು ಹೋಗುತ್ತೆ" ಅಂದಿದ್ದಾರೆ, ಫಿಲ್ಟರಿಗೆ ದುಡ್ಡು ಸುರಿಯಬೇಕಾ ಅಂತ ಕೇಳಿದ್ದೀರಿ.

ಫಿಲ್ಟರ್ ಬೇಡ. ಪಕ್ಕದ ಮನೆಯವರ ಮಾತು ಅರ್ಧ ನಿಜ.

ಹಳ್ಳಿ ಮನೆಗಳಲ್ಲಿ ಬಚ್ಚಲ ನೀರು ನೇರವಾಗಿ ಹಿತ್ತಲಿನ ಬಾಳೆ, ಕೆಸುವಿನ ಬುಡಕ್ಕೆ ಹೋಗುತ್ತಿತ್ತು. ಯಾರೂ ಸೋಸುತ್ತಿರಲಿಲ್ಲ, ಬಾಳೆಯೂ ಚೆನ್ನಾಗಿಯೇ ಗೊನೆ ಹಾಕುತ್ತಿತ್ತು. ಆದರೆ ಆಗ ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು. ಈಗಿನ ಬಟ್ಟೆ ಪುಡಿಯ ಕಥೆ ಬೇರೆ. ಅದರಲ್ಲಿ ವಾಷಿಂಗ್ ಸೋಡಾ ಇರುತ್ತದೆ, ಅಂದರೆ ಸೋಡಿಯಂ. ಗಿಡ ಅದನ್ನು ಹೆಚ್ಚು ಹೀರಿಕೊಳ್ಳುವುದಿಲ್ಲ. ಅದು ಮಣ್ಣಿನಲ್ಲೇ ಕೂರುತ್ತದೆ. ಮಣ್ಣಿನ ಹರಳು ಒಡೆದು ನುಣುಪಾಗುತ್ತದೆ, ಸಂದುಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ನೀರು ಹಾಕಿದರೆ ಇಳಿಯದೆ ಮೇಲೇ ನಿಲ್ಲುತ್ತದೆ. ರೈತರು ಚೌಳು ಅನ್ನುತ್ತಾರಲ್ಲ, ಅದೇ ದಾರಿ. ಕೆಂಪು ಮಣ್ಣು ಸ್ವಲ್ಪ ತಡೆದುಕೊಳ್ಳುತ್ತದೆ, ಎರೆ ಮಣ್ಣು ಬೇಗ ಕೆಡುತ್ತದೆ.

ಈಗ ಫಿಲ್ಟರ್ ವಿಷಯ. ಮರಳು, ಜಲ್ಲಿ, ಇದ್ದಿಲು ಹಾಕಿದ ಡ್ರಮ್ಮು ಕೂದಲು ಹಿಡಿಯುತ್ತದೆ, ಬಟ್ಟೆಯ ನೂಲು ಹಿಡಿಯುತ್ತದೆ, ನೋಡಲು ನೀರು ತಿಳಿಯಾಗುತ್ತದೆ. ಕರಗಿರುವ ಸೋಡಿಯಂ ಮಾತ್ರ ಆರಾಮಾಗಿ ದಾಟಿ ಹೋಗುತ್ತದೆ! ಗಿಡಕ್ಕೆ ತೊಂದರೆ ಕೊಡುವುದು ಯಾವುದೋ ಅದನ್ನೇ ಬಿಟ್ಟು ಮಿಕ್ಕಿದ್ದನ್ನೆಲ್ಲ ಹಿಡಿಯುವ ಸಾಮಾನಿಗೆ ಯಾಕೆ ದುಡ್ಡು ಕೊಡಬೇಕು, ಅಲ್ವಾ? ಅದರ ಬದಲು ಬಟ್ಟೆ ಪುಡಿ ಬಿಟ್ಟು ಲಿಕ್ವಿಡ್‌ಗೆ ಬನ್ನಿ, ಸಾಮಾನ್ಯವಾಗಿ ಅದರಲ್ಲಿ ಉಪ್ಪಿನಂಶ ಕಡಿಮೆ. ಪ್ಯಾಕಿನ ಹಿಂಬದಿಯ ಚೀಟಿಯಲ್ಲಿ ಬೋರಾಕ್ಸ್ ಅಂತ ಇದ್ದರೆ ಬೇಡ, ಬೋರಾನ್ ಜಾಸ್ತಿಯಾದರೆ ಎಲೆಯ ತುದಿ ಸುಡುತ್ತದೆ. ಅಂಟುವಾಳದ ಕಾಯಿಯಲ್ಲಿ ಒಗೆಯುವ ತಾಳ್ಮೆ ಇದ್ದರೆ ಇನ್ನೂ ಒಳ್ಳೆಯದು. ನನಗಂತೂ ದಿನಾ ಆಗುವುದಿಲ್ಲ.

ವಾಷಿಂಗ್ ಮೆಷಿನ್ ನೀರೆಲ್ಲ ಒಂದೇ ಅಲ್ಲ. ಪೈಪಿನ ತುದಿಗೆ ಬಕೆಟ್ ಇಟ್ಟು ಒಮ್ಮೆ ನೋಡಿ. ಮೊದಲು ಬರುವ ನೀರು ಬೂದು ಬಣ್ಣ, ಮೇಲೆ ದಪ್ಪ ನೊರೆ, ಬೆರಳಲ್ಲಿ ಉಜ್ಜಿದರೆ ಜಾರುತ್ತದೆ. ಪುಡಿಯ ಬಹುಪಾಲು ಇದರಲ್ಲೇ ಇರುತ್ತದೆ. ಅದನ್ನು ಮೋರಿಗೆ ಬಿಡಿ. ಆಮೇಲಿನ ಜಾಲಾಡಿದ ನೀರು ಹೆಚ್ಚುಕಮ್ಮಿ ತಿಳಿಯಾಗಿರುತ್ತದೆ, ಅದನ್ನು ಗಿಡಕ್ಕೆ ತಿರುಗಿಸಿ. ಇಷ್ಟು ಮಾಡಿದರೆ ಅರ್ಧ ತಲೆನೋವು ಮುಗಿಯಿತು. ಮಗುವಿನ ಡೈಪರ್ ಬಟ್ಟೆ ಒಗೆದ ದಿನ, ಬ್ಲೀಚ್ ಹಾಕಿದ ದಿನ ಎಲ್ಲವೂ ಮೋರಿಗೇ. ಬಚ್ಚಲನ್ನು ಫಿನಾಯಿಲ್, ಆಸಿಡ್ ಹಾಕಿ ತೊಳೆದಾಗ, ತಲೆಗೆ ಬಣ್ಣ ಹಚ್ಚಿ ತೊಳೆದಾಗಲೂ ಹಾಗೇ.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಯಾವ ಗಿಡಕ್ಕಾದರೂ ಸರಿ. ಪಾತ್ರೆ ತೊಳೆದ ಜಿಡ್ಡಿನ ನೀರು ಬೇಡ, ಮಣ್ಣಿನ ಮೇಲೆ ಪದರ ಕಟ್ಟಿ ನಾರುತ್ತದೆ, ಹೆಗ್ಗಣ ಬರುತ್ತವೆ. ಆರ್.ಓ. ಫಿಲ್ಟರ್ ಹೊರಗೆ ಬಿಡುವ ವೇಸ್ಟ್ ನೀರನ್ನು ಬಹಳ ಜನ ಒಳ್ಳೆಯ ನೀರು ಅಂದುಕೊಂಡು ಕುಂಡಕ್ಕೆ ಹಾಕುತ್ತಾರೆ. ಬೋರ್‌ವೆಲ್ ನೀರಿನ ಉಪ್ಪೆಲ್ಲ ಅದರಲ್ಲೇ ಒಟ್ಟಾಗಿರುತ್ತದೆ. ನೆಲ ಒರೆಸಲು, ಕಕ್ಕಸಿಗೆ ಸುರಿಯಲು ಇಟ್ಟುಕೊಳ್ಳಿ.

ಬಾಳೆ, ಕೆಸು, ಕಾಬಾಳೆ, ತೆಂಗು ಇವು ಬಚ್ಚಲ ನೀರಿಗೆ ಜಗ್ಗುವುದಿಲ್ಲ. ಕೇಪಳದ ಗಿಡಕ್ಕೆ ಬೇಡ, ಸೋಪಿನ ನೀರಿಗೆ ಎಲೆ ಹಳದಿಯಾಗುತ್ತದೆ. ಸೊಪ್ಪು, ಕೊತ್ತಂಬರಿ, ಮೂಲಂಗಿ, ಹಸಿಯಾಗಿ ತಿನ್ನುವ ಯಾವುದಕ್ಕೂ ಬೇಡ. ಮೈ ತೊಳೆದ ನೀರಿನಲ್ಲಿ ರೋಗಾಣು ಇದ್ದೇ ಇರುತ್ತವೆ. ಕುಂಡಗಳಲ್ಲಿ ಮಣ್ಣು ಕಡಿಮೆ, ಉಪ್ಪು ಬೇಗ ಸೇರುತ್ತದೆ. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದೇ. ಆಗ ತಳದಿಂದ ಹರಿದು ಹೋಗುವಷ್ಟು ಒಳ್ಳೆಯ ನೀರು ಹಾಕಿ. ನೆಲದ ಗಿಡಗಳಿಗೆ ಮಳೆಗಾಲವೇ ಈ ಕೆಲಸ ಮಾಡುತ್ತದೆ. ಮಣ್ಣು ತೀರಾ ಗಟ್ಟಿಯಾಗಿದ್ದರೆ ಸ್ವಲ್ಪ ಜಿಪ್ಸಮ್ ಬೆರೆಸಿ, ಮೇಲೆ ಚೆನ್ನಾಗಿ ನೀರು ಕೊಡಿ.

ಡ್ರಮ್ಮಿನಲ್ಲಿ ತುಂಬಿಡುವ ಆಸೆ ಬೇಡ. ಮಾರನೇ ದಿನಕ್ಕೇ ನಾತ ಶುರು, ಕ್ಯೂಲೆಕ್ಸ್ ಸೊಳ್ಳೆಗೆ ಇಂಥ ಕೊಳೆ ನೀರೇ ಇಷ್ಟ. ಬಂದ ನೀರು ಅಂದೇ ಮಣ್ಣಿಗೆ ಇಳಿಯಬೇಕು. ಬಾಳೆ ಬುಡದಿಂದ ಸ್ವಲ್ಪ ದೂರದಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು, ಕೆಳಗೆ ದಪ್ಪ ಜಲ್ಲಿ, ಮೇಲೆ ತೆಂಗಿನ ಸಿಪ್ಪೆ, ಒಣಗಿದ ಎಲೆ ತುಂಬಿ. ಪೈಪಿನ ಬಾಯಿ ಅದರ ಮೇಲಿರಲಿ. ಕೂದಲು, ನೂಲು ಸಿಪ್ಪೆಯಲ್ಲೇ ನಿಲ್ಲುತ್ತವೆ. ಸಿಪ್ಪೆ ಕೊಳೆತಾಗ ತೆಗೆದು ಬೇರೆ ಹಾಕಿದರಾಯಿತು.

ಅಂದ ಹಾಗೆ, 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಗಾಡಿ ತೊಳೆಯುವುದಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂದಿತ್ತು. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಮೇಲೆತ್ತಿಕೊಂಡು ಬರಬೇಕು. ಅದನ್ನು ಕ್ರೋಟನ್ ಗಿಡಕ್ಕೆ ಸುರಿಯುವುದು ನನಗೂ ಸರಿ ಕಾಣುವುದಿಲ್ಲ.

ಶುರು ಮಾಡುವ ಮೊದಲು ಪ್ಲಂಬರ್ ಕರೆದು ಬಚ್ಚಲಿನ ಲೈನು ಕಕ್ಕಸಿನ ಲೈನಿಗೆ ಎಲ್ಲಿ ಸೇರುತ್ತದೆ ಅಂತ ನೋಡಿಸಿ. ಹೊರಗೆ ಚೇಂಬರಿನಲ್ಲಿ ಸೇರುತ್ತಿದ್ದರೆ ಕೆಲಸ ಸುಲಭ. ಚೇಂಬರಿಗೂ ಮೊದಲೇ ಪೈಪಿಗೆ ಒಂದು ಟೀ (ಮೂರು ಬಾಯಿಯ ಜಾಯಿಂಟು), ಎರಡು ವಾಲ್ವ್ ಹಾಕಿಸಿ. ಬೇಕಾದಾಗ ಗಿಡಕ್ಕೆ, ಮಳೆ ಬಂದಾಗ ಮೋರಿಗೆ. ಒಳಗೇ ಸೇರಿದ್ದರೆ ನೆಲ ಒಡೆಸಬೇಡಿ. ಮೆಷಿನ್ನಿನ ಜಾಲಾಡಿದ ನೀರು ಮತ್ತು ಅಕ್ಕಿ, ತರಕಾರಿ ತೊಳೆದ ನೀರಿಗೇ ನಿಮ್ಮ ಅಷ್ಟು ಜಾಗ ಸಾಕಾಗಬಹುದು.