ಫಿಸಿಕ್ಸಲ್ಲಿ 23 ಮಾರ್ಕ್, ಮೂರನೇ ಸಲ ನೀಟ್ ಬರೀಲಾ?

ಪ್ರಶ್ನೆ: ಡಾಕ್ಟರಕ್ಕಾ, ನಮಸ್ಕಾರ. ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಪ್ಲಸ್ ಟು ಸೈನ್ಸ್ ಇಂಗ್ಲಿಷಲ್ಲಿ ಓದಿದ್ದು. 2024ರಲ್ಲಿ ಪ್ಲಸ್ ಟು ಆಯ್ತು, ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಮೂರೂ ಸೇರಿ 61 ಪರ್ಸೆಂಟ್ ಅಷ್ಟೇ. ಆ ವರ್ಷ ಮೆಡಿಕಲ್ ಎಂಟ್ರೆನ್ಸ್ ನೀಟಲ್ಲಿ 720ಕ್ಕೆ 302. ಮತ್ತೆ ಒಂದು ವರ್ಷ ಹಾಸ್ಟೆಲ್ ಇರುವ ಕೋಚಿಂಗಿಗೆ ಹೋಗಿ 2025ರಲ್ಲಿ ಬರೆದೆ, 341 ಬಂತು. ಬಯಾಲಜಿ 236, ಕೆಮಿಸ್ಟ್ರಿ 82, ಫಿಸಿಕ್ಸ್ 23. ಫಿಸಿಕ್ಸಲ್ಲಿ 37 ಪ್ರಶ್ನೆಗೆ ಉತ್ತರ ಹಾಕಿದ್ದೆ, 12 ಸರಿ, 25 ತಪ್ಪು. ಅಮ್ಮ ಬೀಡಿ ಕಟ್ತಾರೆ, ಅಪ್ಪ ಅಡಿಕೆ ತೋಟದ ಕೆಲಸಕ್ಕೆ ಹೋಗ್ತಾರೆ, ಕೋಚಿಂಗ್ ಫೀಸಿಗೆ ಅಡವಿಟ್ಟ ಅಮ್ಮನ ಬಳೆ ಇನ್ನೂ ಬಿಡಿಸಿಲ್ಲ. ಇನ್ನೊಂದು ಸಲ ಬರೀತೇನೆ ಅಂದ್ರೆ ಮನೇಲಿ ಯಾರೂ ಬೇಡ ಅನ್ನೂದಿಲ್ಲ, ಅದೇ ನಂಗೆ ಹೆದರಿಕೆ. ದೊಡ್ಡಪ್ಪನ ಮಗ ಅಮೆರಿಕದಲ್ಲಿರೂದು, ರೆಕಾರ್ಡ್ ವೀಕ್ ಇದ್ರೆ ಯಾವ ಮೆಡಿಕಲ್ ಕಾಲೇಜೂ ತಗೊಳ್ಳೂದಿಲ್ಲ, ಮೊದಲು ಹಳೇ ಮಾರ್ಕ್ ಸರಿ ಮಾಡು ಅಂತಾನೆ. ಪ್ಲಸ್ ಟು ಪುನಃ ಬರೀಬೇಕಾ? ಮೂರು ಸಲ ಬರೆದವರನ್ನು ಕಾಲೇಜಲ್ಲಿ ಬೇರೆ ತರ ನೋಡ್ತಾರಾ? ಹೆಸರು ಹಾಕ್ಬೇಡಿ ಅಕ್ಕಾ.

ಉತ್ತರ: ತಂಗೀ, ನಿನ್ನ ಕಾಗದದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು 61 ಅಲ್ಲ, 23. ಹಾಗಾಗಿ 61ರ ಕತೆ ಬೇಗ ಮುಗಿಸಿ ಬಿಡ್ತೇನೆ.

ನಿನ್ನ ಅಣ್ಣ ಹೇಳಿದ್ದು ಅವನಿರುವ ದೇಶಕ್ಕೆ ಸರಿಯೇ. ಅಲ್ಲಿ ಡಿಗ್ರಿ ಮುಗಿಸಿದ ಮೇಲೆ ಮೆಡಿಕಲ್ ಸೇರೂದು, ಡಿಗ್ರಿಯ ಜಿಪಿಎ ಅಂದ್ರೆ ಸರಾಸರಿ ಗ್ರೇಡ್, ಎಂಕ್ಯಾಟ್ ಪರೀಕ್ಷೆ, ತನ್ನ ಬಗ್ಗೆ ಬರೆದ ಪ್ರಬಂಧ, ಇಂಟರ್ವ್ಯೂ ಎಲ್ಲ ಒಟ್ಟಿಗೆ ನೋಡ್ತಾರೆ, ಜಿಪಿಎ ಕಮ್ಮಿ ಇದ್ದವರು ಇನ್ನೊಂದೆರಡು ವರ್ಷ ಸೈನ್ಸ್ ಕ್ಲಾಸಿಗೆ ಸೇರಿ ರೆಕಾರ್ಡ್ ರಿಪೇರಿ ಮಾಡಿ ಪುನಃ ಅಪ್ಲೈ ಮಾಡೂದುಂಟು. ನಮ್ಮಲ್ಲಿ ಪ್ರಬಂಧವೂ ಇಲ್ಲ ಇಂಟರ್ವ್ಯೂವೂ ಇಲ್ಲ, ಎಂಬಿಬಿಎಸ್ ಸೀಟು ಕೊಡೂದು ನೀಟ್ ರ‍್ಯಾಂಕಿನ ಮೇಲೆ. ಕೇರಳದಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಪ್ಲಸ್ ಟು ಮಾರ್ಕ್ ಸೇರಿಸ್ತಾರಲ್ಲ, ಅದನ್ನು ನೋಡಿ ಜನ ಮೆಡಿಕಲ್ಲಿಗೂ ಹಾಗೇ ಅಂದ್ಕೊಳ್ತಾರೆ, ಅಲ್ಲ. ಪ್ಲಸ್ ಟು ಮಾರ್ಕ್ ಇಲ್ಲಿ ಬರೀ ಹೊಸ್ತಿಲು. ಜನರಲ್ಲಿನವರಿಗೆ ಮೂರು ವಿಷಯ ಸೇರಿ 50, ಒಬಿಸಿ, ಎಸ್‌ಸಿ, ಎಸ್‌ಟಿಯವರಿಗೆ 40 ಅನ್ನೂದು ಹಿಂದಿನಿಂದ ಬಂದ ಲೆಕ್ಕ, ನೀನು ಎರಡನ್ನೂ ದಾಟಿ ಆಗಿದೆ. ಪ್ಲಸ್ ಟು ಪುನಃ ಬರೆಯುವ ಮಂಡೆಬೆಚ್ಚ ಬಿಡು. ಇಷ್ಟೇ ಸಲ ಬರೀಬೇಕು ಅಂತ ನೀಟಿಗೆ ಮಿತಿ ಇಲ್ಲ, ವಯಸ್ಸಿನ ಮೇಲ್ಮಿತಿಯನ್ನೂ 2022ರಲ್ಲಿ ತೆಗೆದು ಹಾಕಿದ್ರು. ಕಾಲೇಜಲ್ಲಿ ಎಷ್ಟನೇ ಸಲಕ್ಕೆ ಬಂದೆ ಅಂತ ಕೇಳುವಷ್ಟು ಪುರುಸೊತ್ತು ಯಾರಿಗೂ ಇರೂದಿಲ್ಲ. ನಾನು ಸ್ವತಃ ಪ್ರಿ-ಡಿಗ್ರಿ ಆಗಿ ಎರಡನೇ ಸಲ ಎಂಟ್ರೆನ್ಸ್ ಬರೆದು ಸೇರಿದವಳು, ಅನಾಟಮಿ ಹಾಲಿನ ಫಾರ್ಮಲಿನ್ ವಾಸನೆಗೆ ಮೊದಲ ಸಲದವರಿಗೂ ನಮಗೂ ಒಂದೇ ತರ ಕಣ್ಣೀರು ಬಂದದ್ದು.

ಇನ್ನು 302ರಿಂದ 341, ಒಂದು ವರ್ಷಕ್ಕೆ ಬರೀ 39 ಮಾರ್ಕ್ ಅಂತ ನೀನು ಅತ್ತಿರಬಹುದು. ಎರಡು ವರ್ಷದ ಮಾರ್ಕನ್ನು ಹಾಗೆ ಪಕ್ಕಪಕ್ಕ ಇಟ್ಟು ನೋಡೂದು ತಪ್ಪು. 2024ರಲ್ಲಿ ಮೊದಲ ರಿಸಲ್ಟ್ ಬಂದಾಗ 67 ಮಂದಿಗೆ 720ಕ್ಕೆ 720 ಇತ್ತು, ಗಲಾಟೆ ಕೋರ್ಟು ಎಲ್ಲ ಆದದ್ದು ನಿಂಗೆ ಗೊತ್ತೇ ಉಂಟು. 2025ರಲ್ಲಿ ಇಡೀ ದೇಶಕ್ಕೆ ಫಸ್ಟ್ ಬಂದವರಿಗೇ 686. ಜನರಲ್ ಕಟ್ ಆಫ್ 162 ಇದ್ದದ್ದು 144ಕ್ಕೆ ಇಳಿಯಿತು. ಎರಡೂ ಸ್ಕೋರ್ ಕಾರ್ಡ್ ತೆಗೆದು ರ‍್ಯಾಂಕ್ ನೋಡು ಮಾರಾಯ್ತಿ, ಮಾರ್ಕಿಗಿಂತ ರ‍್ಯಾಂಕ್ ಎಷ್ಟೋ ಹೆಚ್ಚು ಮೇಲೆ ಹತ್ತಿರ್ತದೆ. ಸರ್ಕಾರಿ ಸೀಟಿಗೆ ಅದು ಸಾಕಾಗೂದಿಲ್ಲ, ಅದು ಬೇರೆ ಮಾತು, ಆದ್ರೆ ನೀನು ಒಂದು ವರ್ಷ ಸುಮ್ಮನೆ ಹಾಳು ಮಾಡಿದ್ದಲ್ಲ.

ಈಗ 23ಕ್ಕೆ ಬರುವ. ಸರಿ ಒಂದಕ್ಕೆ ನಾಲ್ಕು, ತಪ್ಪಿಗೆ ಮೈನಸ್ ಒಂದು, 12 ಸರಿಗೆ 48, 25 ತಪ್ಪಿಗೆ 25 ಕಳೆದು 23. ನಾಲ್ಕು ಆಪ್ಷನಲ್ಲಿ ಪ್ರಶ್ನೆ ಓದದೆ ಕಣ್ಣು ಮುಚ್ಚಿ ಅಂದಾಜಿಗೆ ಗುರುತು ಹಾಕಿದವರಿಗೂ ನಾಲ್ಕರಲ್ಲಿ ಒಂದು ಸರಿ ಬೀಳ್ತದೆ. ನಿಂದು ಮೂರರಲ್ಲಿ ಒಂದು. ಬೇಜಾರು ಮಾಡ್ಬೇಡ, ಇದು ವೀಕ್ ಅಲ್ಲ, ನಿಂಗೆ ಫಿಸಿಕ್ಸ್ ಶುರುವೇ ಆಗಿಲ್ಲ. ಎರಡು ವರ್ಷದಿಂದ ನೀನು ಫಿಸಿಕ್ಸ್ ಕ್ಲಾಸಲ್ಲಿ ಕೂತಿದ್ದೀ ಅಷ್ಟೇ. ಕೋಚಿಂಗಲ್ಲಿ ಮೇಷ್ಟ್ರು ರೊಟೇಷನಲ್ ಮೋಷನ್ ಮಾಡುವಾಗ ನೀನು ಇನ್ನೂ ವೆಕ್ಟರಲ್ಲೇ ಸಿಕ್ಕಿ ಬಿದ್ದಿರ್ತೀ, ಇನ್ನೂರು ಮಕ್ಕಳ ನಡುವೆ ಕೈ ಎತ್ತಿ ಕೇಳ್ಲಿಕ್ಕೆ ನಾಚಿಕೆ, ಫಾರ್ಮುಲಾ ಬಾಯಿಪಾಠ ಮಾಡಿ ಬಂದದ್ದು. ನಂಗೆ ಹೇಗೆ ಗೊತ್ತು ಅಂದ್ರೆ ನಾನೂ ಹಾಗೇ ಮಾಡಿದವಳು.

ಕನ್ನಡ ಮೀಡಿಯಂ ಮಕ್ಕಳಿಗೆ ಪ್ಲಸ್ ಒನ್ನಲ್ಲಿ ಎಂತ ಆಗ್ತದೆ ಅಂದ್ರೆ ಬಯಾಲಜಿ ಹೇಗೋ ದಾಟಿ ಹೋಗ್ತದೆ, ಪತ್ರಹರಿತ್ತು ಹೋಗಿ ಕ್ಲೋರೋಫಿಲ್ ಬಂತು, ಶಬ್ದ ಬದಲಾಯ್ತು, ಗಿಡ ಅದೇ. ನಿನ್ನ 236 ನೋಡಿದ್ರೆ ಅದು ಚೆನ್ನಾಗಿಯೇ ದಾಟಿದೆ. ಫಿಸಿಕ್ಸಲ್ಲಿ ಹಾಗಾಗೂದಿಲ್ಲ, ಅಲ್ಲಿ ಪ್ರಶ್ನೆಯ ಒಂದೊಂದು ವಾಕ್ಯದಲ್ಲಿ ಒಂದೊಂದು ಷರತ್ತು ಇರ್ತದೆ, ರಫ್ ಇಲ್ಲದ ನೆಲ, ನಿಂತಲ್ಲಿಂದ ಹೊರಟ ಕಾರು, ಅದನ್ನು ಬಿಟ್ಟು ಓದಿದ್ರೆ ಲೆಕ್ಕವೇ ಬೇರೆ. ಅದಕ್ಕೆ ನನ್ನ ಮಾತು ಕೇಳಿದ್ರೆ ಇನ್ನೊಮ್ಮೆ ಅದೇ ಹಾಸ್ಟೆಲ್ ಕೋಚಿಂಗಿಗೆ ದುಡ್ಡು ಕಟ್ಬೇಡ, ಅಮ್ಮನ ಎರಡನೇ ಕೈಯ ಬಳೆ ಅಲ್ಲೇ ಇರ್ಲಿ. ಒಂಬತ್ತು ಹತ್ತನೇ ಕ್ಲಾಸಿನ ಕನ್ನಡ ಗಣಿತ ಪುಸ್ತಕ ಅಟ್ಟದಿಂದ ಇಳಿಸು, ಅನುಪಾತ, ಗ್ರಾಫ್, ತ್ರಿಕೋನಮಿತಿ, ಹದಿನೈದು ದಿನ ಅದೇ ಕೆಲಸ. ಆಮೇಲೆ ಎನ್‌ಸಿಇಆರ್‌ಟಿ ಹನ್ನೊಂದನೇ ಕ್ಲಾಸಿನ ಫಿಸಿಕ್ಸ್ ಮೊದಲಿಂದ, ಒಂದೊಂದು ಲೆಕ್ಕದ ಪ್ರಶ್ನೆಯನ್ನೂ ಮೊದಲು ಕನ್ನಡದಲ್ಲಿ ಒಂದು ಸಾಲು ಬರೆದು, ಚಿತ್ರ ಹಾಕಿ, ಆಮೇಲೆ ಮಾಡು. ನಿಧಾನ ಆಗ್ತದೆ, ಆಗ್ಲಿ. ನಿಮ್ಮ ಹೈಸ್ಕೂಲಿನ ಫಿಸಿಕಲ್ ಸೈನ್ಸ್ ಟೀಚರ್ ಹತ್ರ ವಾರಕ್ಕೊಂದು ದಿನ ಡೌಟ್ ತಕ್ಕೊಂಡು ಹೋಗು, ಕನ್ನಡದಲ್ಲಿ ವಿವರಿಸುವ ಜನ ಅವರೇ, ಮತ್ತೆ ನಮ್ಮೂರ ಟೀಚರುಗಳು ಹಳೇ ಸ್ಟೂಡೆಂಟ್ ಬಂದ್ರೆ ಚಾ ಕೊಟ್ಟು ಕೂರಿಸ್ತಾರೆ. ದುಡ್ಡು ಹಾಕೂದಿದ್ರೆ ಟೆಸ್ಟ್ ಸೀರೀಸಿಗೆ ಮಾತ್ರ ಹಾಕು. ಕೆಮಿಸ್ಟ್ರಿಯ 82ಕ್ಕೂ ಇದರಿಂದಲೇ ಉಪಕಾರ ಆಗ್ತದೆ, ಫಿಸಿಕಲ್ ಕೆಮಿಸ್ಟ್ರಿ ಅಂದ್ರೂ ಅರ್ಧ ಅನುಪಾತದ ಲೆಕ್ಕವೇ.

ಒಂದು ವಿಷಯ ನಮ್ಮ ಕಡೆಯ ಮಕ್ಕಳಿಗೆ ಗೊತ್ತೇ ಇರೂದಿಲ್ಲ. ನೀಟ್ ಪೇಪರ್ ಕನ್ನಡದಲ್ಲೂ ಸಿಗ್ತದೆ, ಕನ್ನಡ ಇಂಗ್ಲಿಷ್ ಎರಡೂ ಇರುವ ಬುಕ್‌ಲೆಟ್. ಆದ್ರೆ ಅದು ಕರ್ನಾಟಕದ ಸೆಂಟರಲ್ಲಿ ಮಾತ್ರ. ಕಾಸರಗೋಡೋ ಕಣ್ಣೂರೋ ಸೆಂಟರ್ ಹಾಕಿದ್ರೆ ಕನ್ನಡ ಪೇಪರ್ ಸಿಗೂದಿಲ್ಲ, ನಿಂಗೆ ಬೇಕಾದ್ರೆ ಅಪ್ಲಿಕೇಶನಲ್ಲೇ ಭಾಷೆ ಕನ್ನಡ ಅಂತ ಹಾಕಿ ಮಂಗಳೂರು ಸೆಂಟರ್ ಕೇಳ್ಬೇಕು. ಬೇಕಾ ಬೇಡವಾ ಅನ್ನೂದು ನೀನೇ ನೋಡು, ಅನುವಾದದ ಕನ್ನಡ ಕೆಲವು ಸಲ ಇಂಗ್ಲಿಷಿಗಿಂತ ಕಷ್ಟ, ಸಂಶಯ ಬಂದ್ರೆ ಲೆಕ್ಕಕ್ಕೆ ತಗೊಳ್ಳೂದು ಇಂಗ್ಲಿಷ್ ಪ್ರಶ್ನೆಯನ್ನೇ. ಡಿಸೆಂಬರಲ್ಲಿ ಒಂದು ಹಳೇ ಪೇಪರನ್ನು ಎರಡೂ ಭಾಷೆಯಲ್ಲಿ ಮಾಡಿ ನೋಡಿದ್ರೆ ಗೊತ್ತಾಗ್ತದೆ.

ಹಾಗೇ ಅರ್ಜಿ ವಿಷಯ. ನೀಟ್ ಬರೆದ್ರೆ ಸೀಟು ತನ್ನಷ್ಟಕ್ಕೆ ಬರ್ತದೆ ಅಂತ ಕೂತವರನ್ನು ಪ್ರತಿ ವರ್ಷ ನೋಡ್ತೇನೆ. ಕೇರಳದ ಸೀಟಿಗೆ ಇಲ್ಲಿನ ಎಂಟ್ರೆನ್ಸ್ ಕಮಿಷನರ್ (ಸಿಇಇ) ಆಫೀಸಿನ ಕೀಮ್ ಅರ್ಜಿ ಬೇರೆ ಹಾಕ್ಬೇಕು, ಅದು ನೀಟ್ ಪರೀಕ್ಷೆಗಿಂತ ಮೊದಲೇ ಕ್ಲೋಸ್ ಆಗ್ತದೆ. ಆಲ್ ಇಂಡಿಯಾ ಕೋಟಾದ 15 ಪರ್ಸೆಂಟಿಗೆ ಕೇಂದ್ರದ ಕೌನ್ಸೆಲಿಂಗ್ ಸಮಿತಿ ಎಂಸಿಸಿಯಲ್ಲಿ ಬೇರೆ. ಮತ್ತೆ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನ ಕನ್ನಡ, ತುಳು ಮನೆಮಾತಿನವರಿಗೆ ಕರ್ನಾಟಕದ ಪರೀಕ್ಷಾ ಪ್ರಾಧಿಕಾರ ಕೆಇಎಯಲ್ಲಿ ಗಡಿನಾಡು ಕನ್ನಡಿಗ ಅಂತ ಅರ್ಹತೆ ಉಂಟು, ಇಲ್ಲಿ ವಾಸ ಇದ್ದದ್ದು, ಇಲ್ಲಿ ಓದಿದ್ದು, ಮಾತೃಭಾಷೆ ಎಲ್ಲದಕ್ಕೂ ಸರ್ಟಿಫಿಕೇಟ್ ಕೇಳ್ತಾರೆ, ಒಂದು ಕನ್ನಡ ಪರೀಕ್ಷೆಯೂ ಇಡ್ತಾರೆ, ಅದಕ್ಕೆ ನೀನು ಹೆದರುವ ಜಾತಿ ಅಲ್ಲ. ವಿಲೇಜ್ ಆಫೀಸಿನ ಕೆಲಸ ಜನವರಿಯಲ್ಲೇ ಮುಗಿಸು. ಹಿಂದುಳಿದ ವರ್ಗದವರ ನಾನ್ ಕ್ರೀಮಿಲೇಯರ್ ಸರ್ಟಿಫಿಕೇಟ್ ಬೇಕಾಗುವವಳಾದ್ರೆ ಕೇರಳದ್ದೇ ಬೇರೆ ಫಾರ್ಮ್, ಸೆಂಟ್ರಲ್ಲಿನದ್ದೇ ಬೇರೆ, ಒಂದನ್ನೇ ಎರಡೂ ಕಡೆ ಅಪ್‌ಲೋಡ್ ಮಾಡಿ ರಿಜೆಕ್ಟ್ ಆದ ಮಕ್ಕಳು ಬೇಕಾದಷ್ಟು.

ನಮ್ಮ ಜಿಲ್ಲೆಯ ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ 2025ರ ಸೆಪ್ಟೆಂಬರಲ್ಲಿ 50 ಎಂಬಿಬಿಎಸ್ ಸೀಟಿಗೆ ಒಪ್ಪಿಗೆ ಸಿಕ್ಕಿದ್ದು ನಿಂಗೂ ಗೊತ್ತಿರ್ತದೆ, ನಿಮ್ಮ ಮನೆಯಿಂದ ಬಸ್ಸಲ್ಲಿ ಎಷ್ಟು ದೂರ ಅದು! 2013ರಲ್ಲಿ ಕಲ್ಲು ಹಾಕಿದ್ದು, 2020ರ ಲಾಕ್‌ಡೌನಲ್ಲಿ ತಲಪಾಡಿ ಗಡಿ ಮುಚ್ಚಿ ಮಂಗಳೂರಿಗೆ ಹೋಗ್ಲಿಕ್ಕಾಗದೆ ನಮ್ಮವರು ದಾರಿಯಲ್ಲೇ ಸತ್ತ ದಿನಗಳಲ್ಲಿ ಆ ಅರ್ಧ ಕಟ್ಟಡವನ್ನೇ ಗಡಿಬಿಡಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿದ್ರು. ನಮ್ಮ ಜಿಲ್ಲೆಯಲ್ಲಿ ಕನ್ನಡ, ತುಳುವಲ್ಲಿ ಪೇಷಂಟ್ ಹತ್ರ ಮಾತಾಡುವ ಡಾಕ್ಟರು ಎಷ್ಟು ಬೇಕು ಅಂತ ಒಪಿಯಲ್ಲಿ ಕೂತವಳಿಗೆ ಗೊತ್ತು, ಹಾಗಾಗಿ ನೀನು ಬರೀಬೇಡ ಅಂತ ಹೇಳ್ಲಿಕ್ಕೆ ನಂಗೆ ಬಾಯಿ ಬರೂದಿಲ್ಲ.

ಆದ್ರೆ ಒಂದು ಕರಾರು. ಜನವರಿ ಕೊನೆಗೆ ಮೂರು ಫುಲ್ ಟೆಸ್ಟ್ ಬರಿ, ಮೂರರಲ್ಲೂ ಫಿಸಿಕ್ಸ್ 80 ದಾಟಬೇಕು. ದಾಟದಿದ್ರೂ ಪರೀಕ್ಷೆ ಬರಿ, ಆದ್ರೆ ಮನೇಲಿ ಆಗಲೇ ಹೇಳಿ ಬಿಡು, ಇದೇ ಕೊನೆ, ಬಿಎಸ್‌ಸಿ ನರ್ಸಿಂಗಿಗೋ ಪ್ಯಾರಾಮೆಡಿಕಲ್ಲಿಗೋ ಕೇರಳದಲ್ಲಿ ಸೀಟು ಹಂಚುವ ಎಲ್‌ಬಿಎಸ್ ಅರ್ಜಿಯೂ ಹಾಕ್ತೇನೆ ಅಂತ. ಅಲ್ಲಿ ಪ್ಲಸ್ ಟು ಮಾರ್ಕ್ ಲೆಕ್ಕಕ್ಕೆ ಬರ್ತದೆ, ನಿನ್ನ 61 ಅಡ್ಡ ಬರೂದು ಅಲ್ಲಿ, ಎಂಬಿಬಿಎಸ್ಸಿಗೆ ಅಲ್ಲ. ಆಯುರ್ವೇದದ ಬಿಎಎಂಎಸ್, ಹೋಮಿಯೋಪತಿಯ ಬಿಎಚ್ಎಂಎಸ್ ನೀಟ್ ರ‍್ಯಾಂಕಲ್ಲೇ ಸಿಗ್ತದೆ, ಆ ಆಪ್ಷನನ್ನು ಮರ್ಯಾದೆಗೆ ಅಂಜಿ ಬಿಡ್ಬೇಡ. ಯಾರೂ ಬೇಡ ಅನ್ನೂದಿಲ್ಲ ಅದೇ ಹೆದರಿಕೆ ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ನಾನು ಎರಡು ಸಲ ಓದಿದೆ. ಅವರು ಹೇಳದ ಬೇಡವನ್ನು ನೀನೇ ತಾರೀಕು ಹಾಕಿ ಹೇಳಿಟ್ರೆ ರಾತ್ರಿ ನಿದ್ದೆ ಬರ್ತದೆ, ಅಮ್ಮನಿಗೂ.

ಪ್ರಶ್ನೆ: ಮಗನಿಗೆ ನೀಟ್ 2025ರಲ್ಲಿ 152, ಜನರಲ್, ಕ್ವಾಲಿಫೈ ಆಗಿದ್ದಾನೆ. ಹೊರದೇಶದಲ್ಲಿ ಸೀಟು ಗ್ಯಾರಂಟಿ, ಈ ವಾರ ಅಡ್ವಾನ್ಸ್ ಕೊಡಿ ಅಂತ ಏಜೆಂಟರು ದಿನಾ ಫೋನ್ ಮಾಡ್ತಾರೆ. ಕಳಿಸಬಹುದಾ ಮೇಡಂ? ಒಬ್ಬ ತಂದೆ, ಉಪ್ಪಳ.

ಉತ್ತರ: ಕ್ವಾಲಿಫೈ ಅಂದ್ರೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಅಷ್ಟೇ ಸಾರ್, ಊಟಕ್ಕೆ ಇನ್ನೂ ಕರೆದಿಲ್ಲ. ಈ ವಾರವೇ ದುಡ್ಡು ಕೇಳುವವರಿಗೆ ಈ ವಾರ ಕೊಡ್ಬೇಡಿ. ನಮ್ಮ ದೇಶದ 2021ರ ನಿಯಮದ ಪ್ರಕಾರ ಅಲ್ಲಿ ಕಮ್ಮಿ ಅಂದ್ರೆ 54 ತಿಂಗಳ ಕೋರ್ಸ್, ಪೂರ್ತಿ ಇಂಗ್ಲಿಷಲ್ಲಿ, ಅದೇ ಕಾಲೇಜಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಆ ದೇಶದಲ್ಲೇ ಪ್ರಾಕ್ಟೀಸ್ ಮಾಡುವ ಲೈಸೆನ್ಸ್ ಸಿಗುವ ಡಿಗ್ರಿ ಆಗಿರ್ಬೇಕು, ಇಷ್ಟನ್ನೂ ಏಜೆಂಟ್ ಹತ್ರ ಕಾಗದದಲ್ಲಿ ಬರೆಸಿ ಕೇಳಿ, ಫೋನ್ ಮಾಡೂದು ಅಲ್ಲಿಗೆ ಕಮ್ಮಿ ಆದೀತು. ವಾಪಸ್ ಬಂದ ಮೇಲೆ ಹೊರದೇಶದಲ್ಲಿ ಓದಿದವರಿಗೆ ಇಡುವ 300 ಮಾರ್ಕಿನ ಎಫ್‌ಎಂಜಿಇ ಪರೀಕ್ಷೆಯಲ್ಲಿ 150 ತೆಗೀಬೇಕು, ಎಷ್ಟೋ ಮಕ್ಕಳು ವರ್ಷಗಟ್ಟಲೆ ಸಿಕ್ಕಿ ಬೀಳೂದು ಅಲ್ಲಿ, ಅದಾದ ಮೇಲೂ ಇಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಒಟ್ಟು ಲೆಕ್ಕ ಹಾಕಿದ್ರೆ ಏಳೆಂಟು ವರ್ಷ ಓದಿಯೇ ಓದುವ ಹುಡುಗ ಬೇಕು. ನಿಮ್ಮ ಕಾಗದದಲ್ಲಿ ಏಜೆಂಟ್ ಎಂತ ಹೇಳಿದ ಅಂತ ಉಂಟು, ಹುಡುಗ ಎಂತ ಹೇಳಿದ ಅಂತ ಇಲ್ಲ. ಮುಂದಿನ ಕಾಗದ ಅವನ ಕೈಯಲ್ಲೇ ಬರೆಸಿ.