ವೇಷಕ್ಕೆ ಎಚ್ಚರಿಕೆ ಯಾಕೆ?

ನಮಸ್ಕಾರ. ‘ಪ್ಯಾರಿಸ್ ಈಸ್ ಬರ್ನಿಂಗ್’ (1990) ಸಾಕ್ಷ್ಯಚಿತ್ರದ ಬಗ್ಗೆ ನೀವು ಕಳಿಸಿದ ಪರಿಚಯವನ್ನೂ ಅದರ ನೆತ್ತಿಯ ಮೇಲಿಟ್ಟ ‘ಸೂಕ್ಷ್ಮ ಮನಸ್ಸಿನವರಿಗೆ ಸೂಚನೆ’ಯನ್ನೂ ಓದಿದೆ. ಪರಿಚಯ ಚೆನ್ನಾಗಿದೆ. 1980ರ ದಶಕದ ನ್ಯೂಯಾರ್ಕಿನ ಬಾಲ್‌ಗಳು (ವೇಷ ತೊಟ್ಟು ನಡೆದು, ಕುಣಿದು ಪೈಪೋಟಿ ನಡೆಸುವ ಕೂಟಗಳು), ಡ್ರ್ಯಾಗ್ ಕಲಾವಿದರ, ಅಂದರೆ ಹೆಣ್ಣಿನ ವೇಷ ಹಾಕುವವರ, ‘ಹೌಸ್’ ಎಂಬ ಕುಟುಂಬದಂಥ ಗುಂಪುಗಳು, ಅವುಗಳನ್ನು ನಡೆಸುವ ‘ಮದರ್’ಗಳು ಎಲ್ಲವನ್ನೂ ಗೋಜಲಿಲ್ಲದೆ ಹೇಳಿದ್ದೀರಿ. ಅದರ ತಂಟೆಗೆ ನಾನು ಹೋಗುವುದಿಲ್ಲ. ಸಿಟ್ಟು ತರಿಸಿದ್ದು ಆ ಸೂಚನೆ.

ಮೊದಲ ಸಾಲು: ‘ಈ ಚಿತ್ರದಲ್ಲಿ ಗಂಡಸರು ಹೆಣ್ಣಿನ ವೇಷ ಹಾಕುವ ದೃಶ್ಯಗಳಿವೆ.’ ಇರದೆ ಏನು, ಚಿತ್ರ ಇರುವುದೇ ಅವರ ಬಗ್ಗೆ! ಅದನ್ನು ಎಳೆತಂದು ಕೊಲೆ, ಏಡ್ಸ್‌ಗಳ ಪಂಕ್ತಿಯಲ್ಲಿ ಕೂರಿಸಿದರೆ, ವೇಷ ಹಾಕಿದವರನ್ನು ನೋಡುವುದೇ ಒಂದು ಅಪಾಯ ಅಂತ ಹೇಳಿದ ಹಾಗಾಯಿತು. ನಿಮ್ಮ ಉದ್ದೇಶ ಅದಲ್ಲದಿರಬಹುದು, ಆದರೆ ಓದುವವರ ಕಣ್ಣಿಗೆ ಬೀಳುವುದು ಪಟ್ಟಿ ಮಾತ್ರ. ಇಂಥ ಕಡೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದೇ ದೃಶ್ಯದಲ್ಲಿ ಬೇರೆ ಯಾರೋ ಇದ್ದಿದ್ದರೂ ಎಚ್ಚರಿಸುತ್ತಿದ್ದೆನೇ? ಯಾರೋ ಮೇಕಪ್ ಹಚ್ಚಿಕೊಳ್ಳುತ್ತಾರೆ, ವಿಗ್ ಇಟ್ಟುಕೊಳ್ಳುತ್ತಾರೆ, ಗೌನ್ ತೊಟ್ಟು ನಡೆಯುತ್ತಾರೆ. ಇದರಲ್ಲಿ ಎಚ್ಚರಿಸುವುದು ಏನಿದೆ? ಸಾಲು ಹೊಡೆದುಹಾಕಿ. ನಗ್ನತೆ ಕಂಡರೆ ನಗ್ನತೆ ಎಂದೇ ಬರೆಯಿರಿ, ಬೈಗುಳ ಕೇಳಿಸಿದರೆ ಬೈಗುಳ ಎಂದು.

(ಚಿತ್ರವನ್ನು ಇನ್ನೂ ನೋಡದೆ ಈ ಉತ್ತರ ಓದುತ್ತಿರುವವರು ಇಲ್ಲಿಗೇ ನಿಲ್ಲಿಸಬಹುದು. ಮುಂದೆ ಕಥೆಯ ಗುಟ್ಟು ಒಡೆಯುತ್ತದೆ.)

ಎರಡನೆಯ ಸಾಲು: ‘ಕೊನೆಯಲ್ಲಿ ವೀನಸ್ ಎಂಬ ಯುವಕನ ಬರ್ಬರ ಕೊಲೆ ನಡೆಯುತ್ತದೆ.’ ವೀನಸ್ ಎಕ್ಸ್‌ಟ್ರಾವಗಾಂಜಾ ಯುವಕನಲ್ಲ. ಆಕೆ ಟ್ರಾನ್ಸ್ ಮಹಿಳೆ (ಹುಟ್ಟಿದಾಗ ಗಂಡೆಂದು ಗುರುತಿಸಲ್ಪಟ್ಟ ಹೆಣ್ಣು), ಚಿತ್ರದಲ್ಲಿ ತನ್ನ ಬಾಯಿಂದಲೇ ಅದನ್ನು ಹೇಳಿಕೊಳ್ಳುತ್ತಾಳೆ. ಇಡೀ ಚಿತ್ರ ಆಕೆಯನ್ನು ಹೆಣ್ಣೆಂದು ಕಾಣುತ್ತಿರುವಾಗ ನಿಮ್ಮ ಸೂಚನೆ ಆಕೆಯನ್ನು ಸತ್ತ ಮೇಲೂ ಗಂಡಸನ್ನಾಗಿ ಮಾಡುತ್ತದೆ. ಈ ಸೂಚನೆ ಯಾರಿಗಾಗಿ ಇದೆಯೋ ಅವರಿಗೇ ಮೊದಲ ಪೆಟ್ಟು.

ಇನ್ನು ‘ನಡೆಯುತ್ತದೆ’. ತೆರೆಯ ಮೇಲೆ ಅಂಥದ್ದೇನೂ ನಡೆಯುವುದಿಲ್ಲ. ಆಕೆಯ ಹೌಸ್‌ನ ಮದರ್ ಏಂಜಿ ಸುದ್ದಿಯನ್ನು ಹೇಳುತ್ತಾರೆ, ಅಷ್ಟೇ: ಕತ್ತು ಹಿಸುಕಿದ್ದು, ಹೋಟೆಲಿನ ಮಂಚದಡಿ ಸಿಕ್ಕಿದ್ದು, ಎಲ್ಲವೂ ಮಾತಿನಲ್ಲಿ. ರಕ್ತ ನೋಡಲಾಗದವರು ಇದನ್ನು ಧೈರ್ಯವಾಗಿ ನೋಡಬಹುದು. ಆಪ್ತರನ್ನು ಹಾಗೆ ಕಳೆದುಕೊಂಡವರಿಗೆ ಆ ಮಾತೇ ಭಾರ. ‘ಬರ್ಬರ’ ಎಂಬ ವಿಶೇಷಣದಿಂದ ಈ ಇಬ್ಬರಿಗೂ ಏನೂ ತಿಳಿಯುವುದಿಲ್ಲ. ನಾನು ಕೆಲಸ ಕಲಿತ ಕಡೆ ಇಂಥ ಟಿಪ್ಪಣಿಯ ಪ್ರತಿ ಸಾಲಿನ ಅಂಚಿಗೂ ‘ಕಾಣುತ್ತದೆ’, ‘ಕೇಳಿಸುತ್ತದೆ’, ‘ಹೇಳುತ್ತಾರೆ’ ಈ ಮೂರರಲ್ಲಿ ಒಂದು ಗುರುತು ಬೀಳಲೇಬೇಕಿತ್ತು. ಬೀಳದಿದ್ದರೆ ಹಿರಿಯರು ಹಾಳೆಯನ್ನು ಓದದೆ ವಾಪಸ್ ಮಾಡುತ್ತಿದ್ದರು. ಆಗ ಅದು ಕಿರಿಕಿರಿ, ಈಗ ನಾನೂ ಅದನ್ನೇ ಮಾಡುತ್ತೇನೆ.

ಹೆಸರು ಹಾಕಿದ್ದು ಇನ್ನೊಂದು ತೊಂದರೆ. ಹೆಸರು ಗೊತ್ತಾದ ಪ್ರೇಕ್ಷಕ ವೀನಸ್ ತನ್ನ ಆಸೆಗಳನ್ನು ಹೇಳಿಕೊಳ್ಳುವಾಗಲೂ ಹೆಣವನ್ನೇ ಕಾಯುತ್ತಿರುತ್ತಾನೆ. ಇಷ್ಟೆಲ್ಲ ಮಾಡಿ, ನಿಜಕ್ಕೂ ಬೇಕಿದ್ದನ್ನು ಬಿಟ್ಟಿದ್ದೀರಿ: ತಾನು ಟ್ರಾನ್ಸ್ ಎಂದು ತಿಳಿದ ಗಿರಾಕಿಯೊಬ್ಬ ಎರಗಿದಾಗ ಕಿಟಕಿಯಿಂದ ಹಾರಿ ತಪ್ಪಿಸಿಕೊಂಡದ್ದನ್ನು ಆಕೆ ಹೇಳುವ ಭಾಗ. ಹಗುರಾಗಿ ಹೇಳಿ ಮುಗಿಸುತ್ತಾಳೆ. ಅದಕ್ಕೇ ನಿಮ್ಮ ಕೈತಪ್ಪಿತೇನೋ.

ಹೀಗೆ ಮಾಡಿ. ಮೊದಲ ಸಲ ಸುಮ್ಮನೆ ನೋಡಿ. ಎರಡನೆಯ ಸಲ ಕಾಗದ ಹಿಡಿದು ಪ್ರತಿ ಅಂಶಕ್ಕೂ ಶುರು, ಕೊನೆಯ ಸಮಯ ಬರೆದುಕೊಳ್ಳಿ. ಓದುಗರಿಗೆ ನಿಮಿಷ ಸೆಕೆಂಡು ಕೊಡಬೇಡಿ, ಪ್ರತಿಯಿಂದ ಪ್ರತಿಗೆ ಅವು ಹಿಂದುಮುಂದಾಗುತ್ತವೆ. ತೆರೆಯ ಮೇಲಿನ ಗುರುತು ಕೊಡಿ. ಸೂಚನೆ ಎರಡು ಹಂತದಲ್ಲಿರಲಿ. ಮೇಲೆ ಹೆಸರಿಲ್ಲದ ಒಂದೇ ವಾಕ್ಯ: ‘ಕೊಲೆಯ ಸುದ್ದಿ ಮತ್ತು ಹಲ್ಲೆಯ ಯತ್ನದ ನೆನಪು (ಎರಡೂ ಮಾತಿನಲ್ಲಿ ಮಾತ್ರ), ಲೈಂಗಿಕ ವೃತ್ತಿ, ಏಡ್ಸ್ ಪ್ರಸ್ತಾಪ, ಸಲಿಂಗಿಗಳ ಕುರಿತ ಬೈಗುಳ.’ ವಿವರ ಬೇಕಾದವರಿಗೆ ಲೇಖನದ ಕೊನೆಯಲ್ಲಿ ಎರಡನೆಯ ಹಂತ: ‘ಕೊಲೆಯ ಪ್ರಸ್ತಾಪ ತೆರೆಯ ಮೇಲೆ 1989 ಎಂದು ಮೂಡಿದ ನಂತರದ ಭಾಗದಲ್ಲಿದೆ.’ ಆ ಹೊತ್ತಿಗೆ ಎದ್ದು ಹೋಗುವವರಿಗೆ ಅಷ್ಟು ಸಾಕು.

‘ಕಣ್ಣು ಕೋರೈಸುವ ಬೆಳಕು’ ಎಂಬ ಸಾಲನ್ನು ಅಂದಾಜಿನಲ್ಲಿ ಬರೆಯಬೇಡಿ. ಫೋಟೋಸೆನ್ಸಿಟಿವ್ ಅಪಸ್ಮಾರ (ಮಿನುಗುವ ಬೆಳಕಿಗೆ ಬರುವ ಮೂರ್ಛೆರೋಗ) ಇರುವವರಿಗೆ ಅದು ಆಸ್ಪತ್ರೆಯ ವಿಷಯ. ವೆಬ್ ಪುಟಗಳು ಎಲ್ಲರ ಬಳಕೆಗೂ ಒದಗುವಂತೆ ರೂಪಿಸಿದ ಮಾರ್ಗಸೂಚಿಗಳು (WCAG) ಇಟ್ಟುಕೊಂಡಿರುವ ಗಡಿ ಸೆಕೆಂಡಿಗೆ 3 ಮಿನುಗು. ಅನುಮಾನವಿರುವ ದೃಶ್ಯವನ್ನು ನಿಧಾನಗತಿಯಲ್ಲಿ ಓಡಿಸಿ ಎಣಿಸಿ, ಗಾಢ ಕೆಂಪು ಮಿನುಗಿದ್ದರೆ ಅದನ್ನು ಬೇರೆಯಾಗಿ ಹೇಳಿ.

ಕೊನೆಯ ಸಾಲಿನ ‘ಕೆಲವರಿಗೆ ಇರುಸುಮುರುಸಾಗಬಹುದು’ ಅನ್ನುವುದು ಹೋಗಲೇಬೇಕು. ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2023ರ ಒಂದು ವಿಶ್ಲೇಷಣೆ, ಎಚ್ಚರಿಕೆಗಳಿಂದ ನೋಡುವಾಗಿನ ಸಂಕಟ ತಗ್ಗುವುದಿಲ್ಲ, ನೋಡುವ ಮುಂಚಿನ ಆತಂಕ ಮಾತ್ರ ಹೆಚ್ಚುತ್ತದೆ ಎಂದು ಕಂಡುಕೊಂಡಿತು. ಅಂದಮೇಲೆ, ಏನಿದೆ ಎಂದು ತಿಳಿಸದೆ ಬರೇ ಹೆದರಿಸುವ ಸಾಲಿಗೆ ನಮ್ಮಲ್ಲಿ ಜಾಗವಿಲ್ಲ.

ತಿದ್ದಿದ ಪ್ರತಿಯ ಜೊತೆ ಸಮಯ ಬರೆದುಕೊಂಡ ಹಾಳೆಯನ್ನೂ ಕಳಿಸಿ. ಅದು ಅಚ್ಚಿಗಲ್ಲ, ಚಿತ್ರ ಹಾಕಿಕೊಂಡು ನಾನು ತಾಳೆ ನೋಡಲು.