ವಿನ್ಯಾಸ ಪ್ರಶ್ನೋತ್ತರ: ಪೋಸ್ಟರಿನಲ್ಲಿ ಕನ್ನಡ ಅಕ್ಷರಕ್ಕೆ ಉಸಿರಾಡಲು ಜಾಗ ಬೇಕು

ಪ್ರಶ್ನೆ: ನಮ್ಮ ಸಂಘದ ರಾಜ್ಯೋತ್ಸವಕ್ಕೆ ಎ3 ಅಳತೆಯ ಪೋಸ್ಟರ್ ಮಾಡಿದ್ದೇವೆ. ಬೇಕಾದ ಮಾಹಿತಿಯೆಲ್ಲ ಇದೆ, ಆದರೂ ಕಿಕ್ಕಿರಿದಂತೆ ಕಾಣುತ್ತದೆ. ಯಾವುದನ್ನು ಮೊದಲು ಓದಬೇಕೆಂದೇ ತಿಳಿಯುವುದಿಲ್ಲ. ಎಲ್ಲಿ ಎಡವಿದ್ದೇವೆ?
– ಓದುಗರು, ಶಿವಮೊಗ್ಗ

ಉತ್ತರ: ಹೆಚ್ಚಿನ ಪೋಸ್ಟರುಗಳಲ್ಲಿ ಆಗುವುದು ಇದೇ: ಎಲ್ಲ ಸಾಲೂ ದಪ್ಪ, ಎಲ್ಲ ಸಾಲೂ ದೊಡ್ಡದು. ಎಲ್ಲವೂ ಎದ್ದು ಕಾಣಬೇಕೆಂದು ಹೊರಟರೆ ಯಾವುದೂ ಎದ್ದು ಕಾಣುವುದಿಲ್ಲ. ಇಂಗ್ಲಿಷಿನಲ್ಲಾದರೆ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದ ಇದೆ. ನಮ್ಮ ಲಿಪಿಯಲ್ಲಿ ಅದಿಲ್ಲ, ಓರೆ ಅಕ್ಷರವೂ ಅದಕ್ಕೆ ಒಗ್ಗುವುದಿಲ್ಲ. ನಮಗೆ ಉಳಿದಿರುವುದು ಗಾತ್ರ, ದಪ್ಪ, ಬಣ್ಣ ಮತ್ತು ಖಾಲಿ ಜಾಗ. ಇವುಗಳಲ್ಲಿ ಖಾಲಿ ಜಾಗವನ್ನೇ ಜನ ಅತಿ ಕಡಿಮೆ ಬಳಸುತ್ತಾರೆ.

ಮೂರು ಗಾತ್ರ ಸಾಕು. ಎ3 ಹಾಳೆಗೆ ಶೀರ್ಷಿಕೆ 110ರಿಂದ 130 ಪಾಯಿಂಟ್, ದಿನಾಂಕ ಮತ್ತು ಸ್ಥಳ 40ರಿಂದ 48, ಉಳಿದದ್ದೆಲ್ಲ 18ರಿಂದ 20. ಎರಡು ಗಾತ್ರಗಳ ನಡುವೆ ಕನಿಷ್ಠ ಎರಡು ಪಟ್ಟು ಅಂತರವಿರಲಿ. 18 ಮತ್ತು 22ನ್ನು ಒಟ್ಟಿಗೆ ಇಟ್ಟರೆ ವ್ಯತ್ಯಾಸ ಬೇಕೆಂದೇ ಮಾಡಿದಂತೆ ಕಾಣದು, ಕೈತಪ್ಪಿ ಆದಂತೆ ಕಾಣುತ್ತದೆ. ಅತಿಥಿಗಳ ಹೆಸರುಗಳ ವಿಷಯದಲ್ಲಿ ಸಂಘದವರಿಗೆ ಸಂಕೋಚ ಇದ್ದೇ ಇರುತ್ತದೆ. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು ಎಲ್ಲರನ್ನೂ ಒಂದೇ ಗಾತ್ರದಲ್ಲಿ, ಒಂದೇ ಗುಂಪಾಗಿ, ಕೆಳಗಿನ ಮೂರನೇ ಒಂದು ಭಾಗದಲ್ಲಿ ಕೂರಿಸಿ. ಯಾರಿಗೂ ಕಡಿಮೆಯಾಗುವುದಿಲ್ಲ, ಶೀರ್ಷಿಕೆಯೂ ಉಳಿಯುತ್ತದೆ.

ದಿನಾಂಕ, ಸಮಯ, ಸ್ಥಳ ಮೂರೂ ಒಟ್ಟಿಗಿರಲಿ. ಒಂದು ಗುಂಪಿಗೂ ಇನ್ನೊಂದಕ್ಕೂ ನಡುವಿನ ಜಾಗ ಗುಂಪಿನೊಳಗಿನ ಜಾಗದ ಎರಡರಷ್ಟಿದ್ದರೆ, ಚೌಕಟ್ಟು, ಗೆರೆ ಯಾವುದೂ ಇಲ್ಲದೆ ಕಣ್ಣೇ ಬೇರ್ಪಡಿಸಿಕೊಳ್ಳುತ್ತದೆ. ನಾಲ್ಕೂ ಅಂಚಿನಲ್ಲಿ 20 ಮಿಲಿಮೀಟರ್ ಬಿಡಿ. ಮಧ್ಯಕ್ಕೆ ಜೋಡಿಸುವುದು ಮೂರು ನಾಲ್ಕು ಸಾಲಿಗೆ ಚೆಂದ. ಅದಕ್ಕಿಂತ ಹೆಚ್ಚಿದ್ದರೆ ಎಡಕ್ಕೆ ಜೋಡಿಸಿ, ಏಕೆಂದರೆ ಪ್ರತಿ ಸಾಲಿನ ಆರಂಭವನ್ನು ಕಣ್ಣು ಹುಡುಕುತ್ತಾ ಹೋಗಬಾರದು.

ಇನ್ನು ಸಾಲಿನ ಅಂತರ, ಅಂದರೆ ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕಿರುವ ದೂರ. ಕಿಕ್ಕಿರಿದಂತೆ ಕಾಣಲು ಬಹುಪಾಲು ಕಾರಣ ಇದೇ. ತಂತ್ರಾಂಶಗಳು ತಾವಾಗಿಯೇ ಕೊಡುವ ಅಂತರ ಸಾಮಾನ್ಯವಾಗಿ ಅಕ್ಷರದ ಗಾತ್ರದ 120 ಶೇಕಡಾ. ಅದು ಇಂಗ್ಲಿಷಿಗೆ ಸಾಕು, ನಮಗೆ ಸಾಲದು. ‘ರಾಷ್ಟ್ರ’ ಎಂಬಲ್ಲಿ ಎರಡು ಒತ್ತುಗಳು ಕೆಳಗಿಳಿಯುತ್ತವೆ. ಅದರ ಅಡಿಯ ಸಾಲಿನಲ್ಲಿ ‘ಕಿ’, ‘ಥಿ’ ಬಂದರೆ ಗುಡಿಸು ಮೇಲೇಳುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. 18 ಪಾಯಿಂಟಿನ ಅಕ್ಷರಕ್ಕೆ 27ರಿಂದ 29 ಪಾಯಿಂಟ್ ಅಂತರ ಕೊಡಿ. ಎರಡು ಸಾಲಿನ ಶೀರ್ಷಿಕೆಗೆ ಮಾತ್ರ ಲೆಕ್ಕ ನಂಬಬೇಡಿ. ಮೇಲಿನ ಸಾಲಿನಲ್ಲಿ ಒತ್ತೇ ಇಲ್ಲದಿದ್ದರೆ ಅದೇ ಅಂತರ ಬಾಯಿ ಬಿಟ್ಟಂತೆ ಕಾಣುತ್ತದೆ, ಅಲ್ಲಿ ಕಣ್ಣಳತೆಯಿಂದ ಹತ್ತಿರ ತನ್ನಿ.

ಪ್ರಶ್ನೆ: ಹಳದಿ ಹಿನ್ನೆಲೆಗೆ ಕೆಂಪು ಅಕ್ಷರ ಹಾಕಿದರೆ ಓದಲು ಕಷ್ಟವೇ? ನೀಲಿ ಉತ್ತಮವೇ?
– ಓದುಗರು, ಧಾರವಾಡ

ಉತ್ತರ: ಕೆಂಪು ಕಷ್ಟವಲ್ಲ, ಆದರೆ ಯಾವ ಕೆಂಪು ಎಂಬುದು ಮುಖ್ಯ. ಪರದೆಯ ಮೇಲೆ ಶುದ್ಧ ಹಳದಿಗೂ ಶುದ್ಧ ಕೆಂಪಿಗೂ ಇರುವ ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸದ ಅನುಪಾತ) ಸುಮಾರು 3.7:1. ಅಂತರಜಾಲದ ಮಾನದಂಡದಂತೆ ದೊಡ್ಡ ಅಕ್ಷರಕ್ಕೆ 3:1 ಸಾಕು, ಸಣ್ಣದಕ್ಕೆ 4.5:1 ಬೇಕು. ತಂತ್ರಾಂಶದ ಬಣ್ಣದ ಪಟ್ಟಿಯಲ್ಲಿ (0ಯಿಂದ 255ರ ಅಳತೆ) ಕೆಂಪನ್ನು 255ರಿಂದ 192ಕ್ಕೆ ಇಳಿಸಿ ಗಾಢಗೊಳಿಸಿದರೆ ಅದು 6:1ರ ಹತ್ತಿರ ಬರುತ್ತದೆ. ಹಸಿರಿನ ಮೇಲೆ ಕೆಂಪು ಮಾತ್ರ ಬೇಡವೇ ಬೇಡ. ಎರಡರ ಗಾಢತೆಯೂ ಹತ್ತಿರವಿದ್ದರೆ ಅಕ್ಷರದ ಅಂಚು ನಡುಗಿದಂತೆ ಕಾಣುತ್ತದೆ, ಬಣ್ಣಗುರುಡು ಇರುವವರಿಗೆ ಅಕ್ಷರವೇ ಮಾಯವಾಗಬಹುದು. ಪೋಸ್ಟರನ್ನು ಒಮ್ಮೆ ಕಪ್ಪು-ಬಿಳುಪಿಗೆ ಬದಲಿಸಿ ನೋಡಿ, ಆಗಲೂ ಓದಲು ಬಂದರೆ ಬಣ್ಣ ಸರಿಯಿದೆ.

ಪ್ರತಿ ಶಾಯಿಗೂ ಬೇರೆ ಪ್ಲೇಟ್ (ಅಚ್ಚಿನ ಹಾಳೆ) ಬಳಸುವ ಆಫ್‌ಸೆಟ್ ಮುದ್ರಣದಲ್ಲಿ ಹಳದಿ-ಕೆಂಪು ಜೋಡಿಗೆ ಇನ್ನೊಂದು ಅನುಕೂಲವಿದೆ. ಕೆಂಪು ಹುಟ್ಟುವುದೇ ಹಳದಿ ಮತ್ತು ಮೆಜೆಂಟಾ (ಕಡುಗುಲಾಬಿ) ಶಾಯಿಗಳಿಂದ. ಹಳದಿ ಕೆಳಗೆ ಹೇಗೂ ಇರುವುದರಿಂದ ಮೆಜೆಂಟಾ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಬಿಳಿ ಸೀಳು ಕಾಣುವುದಿಲ್ಲ. ನೀಲಿ ಅಕ್ಷರವಾದರೆ ಆ ಜಾಗದಲ್ಲಿ ಹಳದಿಯನ್ನು ತೆಗೆಯಬೇಕು, ಪ್ಲೇಟ್ ಸರಿದರೆ ಸುತ್ತ ಬಿಳಿ ಗೆರೆ ಬೀಳುತ್ತದೆ. ನೀಲಿಯೇ ಬೇಕಿದ್ದರೆ ಪ್ರೆಸ್ಸಿನವರಿಗೆ ಟ್ರ್ಯಾಪಿಂಗ್ ಕೊಡಲು, ಅಂದರೆ ಎರಡು ಬಣ್ಣಗಳ ಅಂಚು ಕೊಂಚ ಒಂದರ ಮೇಲೊಂದು ಬರುವಂತೆ ಮಾಡಲು ಹೇಳಿ.

ಪ್ರಶ್ನೆ: ಅಕ್ಷರ ದಪ್ಪ ಮಾಡಿದರೆ ಮುದ್ರಣದಲ್ಲಿ ಮಸಿ ತುಂಬಿಕೊಳ್ಳುತ್ತದೆ. ಏಕೆ?
– ಓದುಗರು, ಮುಂಬೈ

ಉತ್ತರ: ಫಾಂಟಿನಲ್ಲಿ ದಪ್ಪ ರೂಪ ಇಲ್ಲದಿದ್ದಾಗ ಕೆಲವು ತಂತ್ರಾಂಶಗಳು ಅಕ್ಷರದ ಸುತ್ತ ಗೆರೆ ಬಳಿದು ಕೃತಕ ದಪ್ಪ ಕೊಡುತ್ತವೆ. ಮಹಾಪ್ರಾಣದ ಅಡಿಯಲ್ಲಿರುವ ಸಣ್ಣ ಸೀಳು ಆಗ ಮುಚ್ಚಿಹೋಗಿ ‘ಧ’ ಹೋಗಿ ‘ದ’ ಆಗುತ್ತದೆ, ‘ಢ’ ಹೋಗಿ ‘ಡ’ ಆಗುತ್ತದೆ. ನಿಜವಾದ ದಪ್ಪ ರೂಪಗಳಿರುವ ಫಾಂಟ್ ಬಳಸಿ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಉಚಿತವಾಗಿಯೇ ಸಿಗುತ್ತವೆ. ಸಾಲು ತುಂಬಲೆಂದು ಅಕ್ಷರವನ್ನು ಅಡ್ಡಕ್ಕೆ ಎಳೆಯಬೇಡಿ, ನಿಂತ ಗೆರೆ ದಪ್ಪಗಾಗಿ ಮಲಗಿದ ಗೆರೆ ಹಾಗೇ ಉಳಿದು ದುಂಡುತನ ಕೆಡುತ್ತದೆ. ಸಣ್ಣ ಕಪ್ಪು ಅಕ್ಷರಗಳು ಕಪ್ಪು ಶಾಯಿಯೊಂದರಲ್ಲೇ ಇರಲಿ, ನಾಲ್ಕು ಶಾಯಿ ಸೇರಿದ ಕಪ್ಪಾದರೆ ಅಂಚು ಮಬ್ಬಾಗುತ್ತದೆ. ಪ್ರೆಸ್ಸಿಗೆ ಫಾಂಟ್ ಸೇರಿಸಿದ ಪಿಡಿಎಫ್ ಕಳಿಸಿ, ಕತ್ತರಿಸಲು ಸುತ್ತಲೂ 3 ಮಿಲಿಮೀಟರ್ ಹೆಚ್ಚುವರಿ ಹಿನ್ನೆಲೆ ಬಿಡಿ.